ಬೀಸುಕಲ್ಲಿನ ಎದುರು ಬದಿ

ಆಗತಾನೆ ಬೀಸಿದ ಹಿಟ್ಟಿಗೆ ಒಂದು ಬೆಚ್ಚನೆಯ ವಾಸನೆ ಇರುತ್ತದೆ. ದ ಹೇಗ್‌ನ ಅಂಗಡಿಯಿಂದ ನಾವು ತರುವ ಜೋಳದ ಹಿಟ್ಟಿನ ಪ್ಯಾಕೆಟ್ಟಿನಲ್ಲಿ ಅದು ಸಿಗುವುದಿಲ್ಲ. ಹೋದ ಬೇಸಿಗೆಯ ಒಂದು ಶನಿವಾರ, ಯುಟ್ರೆಕ್ಟ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ, ಈಗ ನಾವಿರುವ ಪುಟ್ಟ ಊರಿನಲ್ಲಿ, ಹಳೆಯ ಗಾಳಿಗಿರಣಿಯ ಅಂಗಳಕ್ಕೆ ಕಾಲಿಟ್ಟಾಗ ಅದೇ ವಾಸನೆ ಮೂಗಿಗೆ ಬಡಿಯಿತು. ವರ್ಷಕ್ಕೊಮ್ಮೆ ಅಲ್ಲಿ ಜನಪದ ಹಾಡುಗಳ ಹಬ್ಬ ನಡೆಯುತ್ತದೆ. ಊರಲ್ಲಿ ನೆಲೆ ನಿಂತ ಬೇರೆ ಬೇರೆ ದೇಶದವರು ತಮ್ಮ ತಮ್ಮ ಅಜ್ಜಿಯರ ಹಾಡು ಹಾಡುತ್ತಾರೆ. ಗಿರಣಿಯ ಒಳಗೆ ಇಬ್ಬರು ನಿವೃತ್ತರು ಗೋಧಿ ಬೀಸುತ್ತಿರುತ್ತಾರೆ. ಅಂದು ನಾನೂ ಹಾಡುವವಳಿದ್ದೆ. ಆದರೆ ಆ ವಾಸನೆಗೆ ಕಾಲು ಅಲ್ಲೇ ನಿಂತವು. ಗದಗಿನ ನಮ್ಮ ಬಾಡಿಗೆ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಗಂಗತ್ತಿ ಬಂದಳು.

ಗಂಗತ್ತಿ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಬೀಸುಕಲ್ಲು ಹೇರಿಕೊಂಡು ತಮ್ಮನ ಮನೆಗೆ ಬಂದವಳು. ತಮಾಷೆಯೆಂದರೆ ಅಪ್ಪನ ಕೆಲಸ ಹಿಟ್ಟಿನ ಗಿರಣಿಯಲ್ಲಿ. ಓಣಿಯವರೆಲ್ಲ ಡಬ್ಬಿ ಹಿಡಿದು ಅವನ ಮುಂದೆ ಸಾಲು ನಿಲ್ಲುತ್ತಿದ್ದರು, ಸ್ವಂತ ಅಕ್ಕ ಮಾತ್ರ ಆ ಹಿಟ್ಟು ಮುಟ್ಟುತ್ತಿರಲಿಲ್ಲ. “ನಿನ್ನ ಮಷೀನು ಹಿಟ್ಟು ಸುಡತೈತೋ. ರೊಟ್ಟಿ ಹರೀತಾವ,” ಎನ್ನುವಳು. ಅಪ್ಪ ಮೀಸೆಗಂಟಿದ ಹಿಟ್ಟು ಒರೆಸಿಕೊಳ್ಳುತ್ತಿದ್ದ, ಊಟಕ್ಕೆ ಕೂತಾಗ ಮಾತ್ರ ಅಕ್ಕ ಬೀಸಿದ ಹಿಟ್ಟಿನ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ನಸುಕಿನಲ್ಲಿ ಕಲ್ಲಿನ ಎದುರು ಬದಿಗೆ ಕೂರುವ ಕೆಲಸ ನನ್ನದು. ಒಂದೇ ಗೂಟಕ್ಕೆ ಇಬ್ಬರ ಕೈ. ಅವಳ ಅಂಗೈ ಒರಟು, ದನಿ ಸ್ವಲ್ಪ ಒಡಕು. ಜೋಳ ಹಾಕುವವಳು ಹಾಡಿನ ಸೊಲ್ಲು ಎತ್ತಬೇಕು, ಎದುರಿಗೆ ಕೂತವಳು ಅದನ್ನು ಹಿಡಿದು ಮುಗಿಸಬೇಕು, ಇದು ಅವಳ ಕಟ್ಟುನಿಟ್ಟು. “ಮುಂದಿಂದು ನಂದು, ಹಿಂದಿಂದು ನಿಂದು. ನಡುವ ಕಲ್ಲ ನಿಲ್ಲಬಾರದು ನೋಡ,” ಎಂದು ಮೊದಲ ದಿನವೇ ಹೇಳಿದ್ದಳು. ಬೀಸುವಾಗ ಹಾಡುವ ಅವಳದೊಂದು ಉದ್ದನೆಯ ಪದವಿತ್ತು. ಹೆಣ್ಣುಮಗಳೊಬ್ಬಳು ತವರಿಗೆ ನಡೆದು ಬರುತ್ತಾಳೆ, ದಾರಿಯಲ್ಲಿ ಸಿಕ್ಕವರೆಲ್ಲ ಅವಳನ್ನು ನಿಲ್ಲಿಸಿ ಏನೇನೋ ಕೇಳುತ್ತಾರೆ. ಕೇಳುವುದೆಲ್ಲ ಅತ್ತಿಯ ಸೊಲ್ಲು, ಆ ಮಗಳ ಉತ್ತರವೆಲ್ಲ ನನ್ನದು. “ನಿಲ್ಲಾಕ ಹೊತ್ತಿಲ್ಲ, ತವರು ದೂರ,” ಎಂದು ನಾನು ನಿದ್ದೆಗಣ್ಣಲ್ಲೇ ಹಾಡುತ್ತಿದ್ದೆ. ಹಿಟ್ಟು ಕಲ್ಲಿನ ಸುತ್ತ ಬೆಳ್ಳಗೆ ಉದುರುತ್ತಿತ್ತು.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಒಂದು ಬೆಳಗ್ಗೆ ಅವಳು, “ಇನ್ನ ಮುಂದಿಂದೂ ಕಲ್ತಗೋ,” ಎಂದಳು. “ಪರೀಕ್ಷಾ ಮುಗೀಲಿ ಅತ್ತಿ,” ಎಂದೆ. ಆ ಪರೀಕ್ಷೆ ಮುಗಿಯಿತು, ಅದರ ಬೆನ್ನಿಗೆ ಇನ್ನೊಂದು ಬಂತು. ನಾನು ಕಲ್ಲಿನ ಎದುರು ಕೂರುವುದನ್ನೇ ಬಿಟ್ಟೆ. ಅವಳು ಒಬ್ಬಳೇ ಬೀಸುತ್ತಿದ್ದಳು. ಹೊದ್ದ ಕೌದಿಯೊಳಗಿಂದ ನನಗೆ ಎಲ್ಲ ಕೇಳುತ್ತಿತ್ತು. ಅವಳ ಸೊಲ್ಲು ಬರುತ್ತಿತ್ತು, ಆಮೇಲೆ ಮಾತಿಲ್ಲದೆ ಕಲ್ಲು ಒಂದು ಸುತ್ತು ತಿರುಗುತ್ತಿತ್ತು, ಆಮೇಲೆ ಮುಂದಿನ ಸೊಲ್ಲು. ನನ್ನ ಭಾಗವನ್ನು ಅವಳು ಒಂದು ದಿನವೂ ತಾನು ಹಾಡಲಿಲ್ಲ, ಜಾಗ ಬಿಟ್ಟು ಕಾಯುತ್ತಿದ್ದಳು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ನಿಮ್ಮ ಮನೆಯಲ್ಲೂ ನಿಮಗಾಗಿ ಹೀಗೆ ಕಾದವರು ಯಾರಾದರೂ ಇದ್ದಿದ್ದರೆ ನನ್ನ ಸಂಕಟ ನಿಮಗೆ ತಿಳಿದೀತು. ನಾನು ಹಾಸ್ಟೆಲ್ಲಿನಲ್ಲಿದ್ದಾಗ ಅತ್ತಿ ಹೋದಳು. ಆಮೇಲೆ ಗಿರಣಿ ಮುಚ್ಚಿತು, ಅಪ್ಪನೂ ಹೋದ. ಆ ಬಾಡಿಗೆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆಯಂತೆ. ಮನೆ ಬಿಡುವ ಗಡಿಬಿಡಿಯಲ್ಲಿ ಕಲ್ಲನ್ನು ಯಾರೂ ಹೊತ್ತು ತರಲಿಲ್ಲ.

ಹಬ್ಬಕ್ಕೆ ನನ್ನ ಹೆಸರು ಕೊಟ್ಟವಳು ಇಲ್ಲಿನ ಗೆಳತಿ ಶ್ವೇತಾ, ಮೈಸೂರಿನವಳು. “ನಿಮ್ ಕಡೆ ಬೀಸೋ ಪದ ಇರುತ್ತಲ್ಲ, ಬರುತ್ತಾ ನಿಂಗೆ?” ಎಂದು ಕೇಳಿದಾಗ ನಾನು ಎದೆಯುಬ್ಬಿಸಿ, ಪೂರ್ತಿ ಬರುತ್ತದೆ ಎಂದುಬಿಟ್ಟಿದ್ದೆ. ಹಬ್ಬಕ್ಕೆ ವಾರ ಮೊದಲು ಅಡುಗೆಮನೆಯ ಮೇಜಿನ ಮುಂದೆ ಬರೆದುಕೊಳ್ಳಲು ಕೂತಾಗಲೇ ಗೊತ್ತಾದದ್ದು, ನನಗೆ ಬರುವುದು ಅರ್ಧ ಪದ ಮಾತ್ರ. ಒಂದಾದ ಮೇಲೊಂದು ಉತ್ತರ ನಾಲಗೆಗೆ ಬಂದವು, ಪ್ರಶ್ನೆ ಒಂದೂ ಬರಲಿಲ್ಲ. ಊರಿಗೆ ಫೋನ್ ಮಾಡಿದರೆ ತಮ್ಮ, “ಆಕಿ ಸಂಗಾಟ ಕುಂದರ್ತಿದ್ದಾಕಿ ನೀನ ಅಲ್ಲೇನು ಅಕ್ಕಾ? ನಮಗ ಹೆಂಗ ಗೊತ್ತಿರತೈತಿ?” ಎಂದ. ಶ್ವೇತಾಳಿಗೆ ಹೇಳಿದೆ. “ಅಯ್ಯೋ ಬಿಡೇ, ಯೂಟ್ಯೂಬಲ್ಲಿ ಯಾವ್ದಾದ್ರೂ ಒಂದು ಸಿಗುತ್ತೆ. ಇಲ್ಲಿ ಯಾರಿಗ್ ಗೊತ್ತಾಗುತ್ತೆ?” ಎಂದು ಸಮಾಧಾನ ಮಾಡಿದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ನನ್ನೊಬ್ಬಳ ಹೊರತು.

ಹೀಗಾಗಿ ಆ ಶನಿವಾರ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ನನ್ನ ಬಳಿ ಇದ್ದದ್ದು ಆ ಅರ್ಧವೇ. ಬಲಗೈ ತಾನಾಗಿ ಮುಂದೆ ಹೋಗಿ ಇಲ್ಲದ ಗೂಟ ಹಿಡಿಯಿತು. ಒಂದು ಸುತ್ತು ಸುಮ್ಮನೆ ತಿರುಗಿಸಿದೆ. ಹಿಂದೆ ಗಿರಣಿಯ ಕಲ್ಲು ಗುರುಗುಟ್ಟುತ್ತಿತ್ತು. ಆಮೇಲೆ ನನ್ನ ಸೊಲ್ಲು ಹಾಡಿದೆ, ಮತ್ತೆ ಒಂದು ಸುತ್ತು ಕಾದೆ. ಕೌದಿಯೊಳಗೆ ಕೇಳಿಸಿಕೊಂಡದ್ದು ಈಗ ತಿರುವುಮುರುವಾಗಿತ್ತು. ಬಿಸಿಲಿಗೆ ಕೂತಿದ್ದ ಜನ ಪದ ಇರುವುದೇ ಹೀಗೆಂದುಕೊಂಡರೋ ಏನೋ, ನಾನು ಕಾದಾಗಲೆಲ್ಲ ಅವರೂ ಸದ್ದಿಲ್ಲದೆ ಕಾದರು. ಕೊನೆಯ ಉತ್ತರ ಮುಗಿಯುವ ತನಕ ಕೈ ನಿಲ್ಲಿಸಲಿಲ್ಲ.

ಕೆಳಗಿಳಿದು ಬಂದಾಗ ಹತ್ತು ವರ್ಷದ ಮಗಳು ಇಂಚರ ನೀರಿನ ಬಾಟಲಿ ಹಿಡಿದು ನಿಂತಿದ್ದಳು. “ಅಮ್ಮ, ಯಾಕ ನಡುನಡುವ ಸ್ಟಾಪ್ ಮಾಡಿದಿ? ಮರ್ತಿದ್ದೇನು?” ಎಂದು ಮೆಲ್ಲಗೆ ಕೇಳಿದಳು.

“ಮರ್ತಿರಲಿಲ್ಲ,” ಎಂದೆ. “ಅಲ್ಲೆಲ್ಲ ಅತ್ತಿ ಪಾಳಿ ಇತ್ತು.”