ಎರಡಕ್ಷರದ ತೀರ್ಪು

ನನ್ನ ತಮ್ಮ ಬಸವರಾಜನಿಗೆ ನಿದ್ದೆ ಬೇಡವಾಯಿತು. ರೋಗ ನಮ್ಮ ಮನೆಗೆ ಬಂದದ್ದು ಹಾಗೆ.

ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಅವನು ಕಟಿಂಗ್ ಮಾಸ್ಟರ್. ಸೀಸನ್ನಿನಲ್ಲಿ ನಿದ್ದೆಗೆಡುವುದು ಹೊಸದೇನಲ್ಲ. ಆದ್ದರಿಂದ ಕಣ್ಣು ಮುಚ್ಚದ ಅವನ ಹುರುಪನ್ನು ದುಡಿಮೆ ಎಂದುಕೊಂಡೆವು. ಮಾತು ಹೆಚ್ಚಿತು. ಖುಷಿ ಎಂದುಕೊಂಡೆವು. ಊಟದ ನಡುವೆ ಎದ್ದು ನಿಂತು, ಸಿರುಗುಪ್ಪದಲ್ಲಿ ಮುಚ್ಚಿರುವ ರೈಸ್ ಮಿಲ್ಲೊಂದನ್ನು ಕೊಂಡು ಅಲ್ಲಿ ಜೀನ್ಸ್ ಕಾರ್ಖಾನೆ ತೆರೆಯುತ್ತೇನೆ ಎಂದಾಗ ಮಾತ್ರ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಮಿಲ್ ಕೊಳ್ಳಾಕ ಹೊಂಟಾನ ಸಾವ್ಕಾರ! ಮೊದ್ಲು ಆ ಹರಕ ಚಪ್ಲಿ ಹೊಲಿಸ್ಕೋ ಲೇ."

"ನಗಬ್ಯಾಡಬೇ. ನಿನ್ನನ್ನ ಮ್ಯಾನೇಜರ್ ಮಾಡಿ ಕುರ್ಚಿ ಮ್ಯಾಲೆ ಕುಂದ್ರಿಸ್ತೀನಿ, ನೋಡ್ತಿರು."

ಮರುದಿನ ಕೆಲಸಕ್ಕೆಂದು ಹೊರಟವನು ಸಿರುಗುಪ್ಪದ ಬಸ್ಸು ಹತ್ತಿದ.

ಸೊಂಟದಲ್ಲಿ ಕತ್ತರಿಯಿತ್ತು.

ಕಟಿಂಗ್ ಮಾಸ್ಟರುಗಳು ತಮ್ಮ ಕತ್ತರಿಯನ್ನು ಯೂನಿಟ್ಟಿನಲ್ಲಿ ಬಿಟ್ಟು ಬರುವುದಿಲ್ಲ. ಬೇರೆಯವರ ಕೈ ತಗುಲಿದರೆ ಅದರ ಹದ ಕೆಡುತ್ತದೆಂಬ ನಂಬಿಕೆ. ಜೀನ್ಸ್ ತುಂಡಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತರುತ್ತಾರೆ, ಮತ್ತೆ ಒಯ್ಯುತ್ತಾರೆ. ನಮ್ಮ ಓಣಿಯಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಸಿರುಗುಪ್ಪ ಭತ್ತದ ಊರು. ಅಲ್ಲಿ ಅದು ಆಯುಧವಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ನಿಲ್ಲಿಸಿ ಅವನು ಕೆಲಸ ಕೊಡುತ್ತೇನೆಂದು ಹೇಳಿದ್ದಾನೆ. ಬಟ್ಟೆಯನ್ನು ಹೇಗೆ ಕತ್ತರಿಸಬೇಕೆಂದು ತೋರಿಸಲು ಕತ್ತರಿ ಹೊರತೆಗೆದಿದ್ದಾನೆ. ಯಾರೋ ಕಿರುಚಿದರು. ಆಮೇಲಿನದನ್ನು ನಾನು ಎಲ್ಲರಂತೆ ಮೊಬೈಲಿನಲ್ಲೇ ನೋಡಿದೆ. ಜನ ಕಂಬಕ್ಕೆ ಕಟ್ಟಿಹಾಕಿದ ನನ್ನ ತಮ್ಮ. ಒಡೆದ ತುಟಿ. ಆಗಲೂ ಅವನು ಕಾರ್ಖಾನೆಯ ಬಗ್ಗೆಯೇ ಮಾತಾಡುತ್ತಿದ್ದ. ಕೆಳಗೆ ಕೆಂಪು ಅಕ್ಷರಗಳು: ‘ಸಿರುಗುಪ್ಪದಲ್ಲಿ ಸೈಕೋ ಸೆರೆ’.

ಸೈಕೋ.

ಯಾವ ವೈದ್ಯರು ಹೇಳಿದರು? ಯಾವ ನ್ಯಾಯಾಲಯ ತೀರ್ಮಾನಿಸಿತು? ಒಬ್ಬರಿಗೂ ಗೀರು ಗಾಯವಾಗಿರಲಿಲ್ಲ. ರಕ್ತ ಬಂದದ್ದು ಅವನಿಗೊಬ್ಬನಿಗೇ. ಆದರೂ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಮಾತುಗಳು ಉದುರಿದವು: ಪಿಚ್ಚೋಡು, ಪಾಗಲ್, ನಟ್ ಲೂಸ್, ಕ್ರಿಮಿನಲ್. ಬುದ್ಧಿ ಕೆಟ್ಟವರನ್ನು ಹಳಿಯುವಾಗ ನಮ್ಮ ಊರಿಗೆ ಕನ್ನಡವೊಂದೇ ಸಾಲುವುದಿಲ್ಲ; ತೆಲುಗು, ಉರ್ದು, ಇಂಗ್ಲಿಷುಗಳೂ ನೆರವಿಗೆ ಓಡಿಬರುತ್ತವೆ. ಅವನಿಗೇನಾಗಿದೆ ಎಂದು ಕೇಳಲು ಮಾತ್ರ ಯಾವ ಭಾಷೆಯಲ್ಲೂ ಯಾರಿಗೂ ಮಾತು ಹೊಳೆಯಲಿಲ್ಲ.

ಪೊಲೀಸರು ಅವನನ್ನು ಬಿಡಿಸಿ ನಮಗೆ ಫೋನ್ ಮಾಡಿದರು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಸೈಕಿಯಾಟ್ರಿಸ್ಟ್ ಅವನೊಡನೆ ಬಹಳ ಹೊತ್ತು ಮಾತಾಡಿ ನಮ್ಮನ್ನು ಕರೆದರು.

"ಇದು ಬೈಪೋಲಾರ್ ಡಿಸಾರ್ಡರ್. ಈಗ ಮೇನಿಯಾ ಏರೈತಿ, ಮನಸಿನ ಹುರುಪು ಹದ್ದು ಮೀರೈತಿ. ಔಷಧಿಗೆ ಇಳೀತೈತಿ, ಅಂಜಬ್ಯಾಡ್ರಿ."

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡೇ ಕೇಳಿದಳು: "ಸಾಹೇಬ್ರ, ಟಿವಿಯಾಗ ಅಂತಾರಲ್ರಿ, ಸೈಕೋ ಅಂತ... ನನ್ ಮಗ ಅದೇನ್ರಿ?"

"ಅಲ್ಲಬೇ ತಾಯಿ. ಆ ಮಾತು ಬ್ಯಾರೆ, ಈ ಕಾಯಿಲೆ ಬ್ಯಾರೆ. ಶುಗರ್, ಬಿಪಿ ಇದ್ದಂಗ ಇದೂ ಒಂದು ಕಾಯಿಲೆ."

ನನಗೆ ಆ ಮಾತನ್ನು ಮೈಕಿನಲ್ಲಿ ಸಾರಬೇಕೆನಿಸಿತು. ಆದರೆ ಸುಳ್ಳಿಗಿರುವ ಓಟ ರೋಗನಿರ್ಣಯಕ್ಕಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಅವನನ್ನು ಮನೆಗೆ ಕರೆತರಲಾಗಲಿಲ್ಲ. ಮನೆಯ ಮುಂದೆ ಜನ ನಿಲ್ಲುತ್ತಿದ್ದರು. ಕುರುಗೋಡಿನ ಚಿಗವ್ವನ ಮನೆಯಲ್ಲಿ ಬಿಟ್ಟು, ನಾನು ಸಿರುಗುಪ್ಪಕ್ಕೆ ಹೋಗಿ ವಿಡಿಯೋ ಹರಿಬಿಟ್ಟವನನ್ನು ಹುಡುಕಿದೆ. ಸಮಾಜಶಾಸ್ತ್ರ ಓದಿದವಳು ನಾನು; ಕಳಂಕ, ಹೊಣೆಗಾರಿಕೆ, ಘನತೆ ಎಂದು ಪ್ರಬಂಧ ಬರೆದವಳು. ಸಿಕ್ಕವನು ಮೊಬೈಲ್ ಅಂಗಡಿ ಇಟ್ಟುಕೊಂಡ ಸಾಧಾರಣ ಮನುಷ್ಯ. ನನಗೆ ಸ್ಟೂಲ್ ಹಾಕಿದ.

"ಡಿಲೀಟ್ ಮಾಡೀನಿ ಅಕ್ಕಾರ. ನನ್ನ ಫೋನಿನ್ಯಾಗ ಇಲ್ಲ, ಬೇಕಾದ್ರ ನೋಡ್ರಿ."

"ಉಳಿದೋರ ಫೋನಿನ್ಯಾಗ?"

"ಅದು ನನ್ನ ಕೈಯಾಗ ಎಲ್ಲೈತ್ರಿ?"

"ಸೈಕೋ ಅಂತ ಬರದೋರು ಯಾರು?"

"ಹಂಗ ಬರೀದಿದ್ರ ಯಾರೂ ನೋಡಂಗಿಲ್ಲರೀ."

ಸ್ಟೂಲಿನಿಂದ ಎದ್ದು ಬಂದೆ. ಆ ವಿಡಿಯೋ ಪ್ರಸಾರ ಮಾಡಿದ ಟಿವಿ ಚಾನೆಲ್ಲಿಗೂ ದೂರು ಕಳಿಸಿದೆ. ಈವರೆಗೆ ಸದ್ದಿಲ್ಲ.

ಕುರುಗೋಡಿನಲ್ಲಿ ಬೇರೊಂದು ಸಂಕಟ ಕಾದಿತ್ತು. ಡಾಕ್ಟರು ಕೊಟ್ಟ ಲಿಥಿಯಂ ಮಾತ್ರೆ ಅವನ ಏರಿಕೆಯನ್ನು ಇಳಿಸಿತ್ತು, ನಿದ್ದೆ ಮರಳಿಸಿತ್ತು. ಆದರೆ ಕೈಗೆ ನಡುಕ ಕೊಟ್ಟಿತ್ತು. ಪದರ ಪದರ ಡೆನಿಮ್ ಹಾಸಿ ಗೆರೆ ತಪ್ಪದೆ ಕತ್ತರಿಸುತ್ತಿದ್ದ ಕೈ ಅದು. ಅವನು ಚಿಗವ್ವನ ಹಳೆಯ ಸೀರೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ನೋಡುತ್ತಿದ್ದ. ಗೆರೆ ಅಲುಗುತ್ತಿತ್ತು.

ಮಾತ್ರೆ ಬಿಟ್ಟರೆ ಕೈಯ ನಡುಕ ನಿಲ್ಲುತ್ತದೆ. ಮಾತ್ರೆ ಬಿಟ್ಟರೆ ಅವನು ಉಳಿಯುವುದಿಲ್ಲ. ಯಾವುದನ್ನು ಬೇಡಿಕೊಳ್ಳಬೇಕು, ಯಾರನ್ನು?

ಡಾಕ್ಟರು ಬ್ಲಡ್ ಟೆಸ್ಟ್ ಮಾಡಿಸಿ ಡೋಸ್ ತುಸು ಇಳಿಸಿದರು. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಅವನು ಹಟ ಹಿಡಿದ ಮೇಲೆ ಯೂನಿಟ್ಟಿಗೆ ಕರೆದೊಯ್ದೆ. ಮಾಲೀಕರು ಒಳ್ಳೆಯವರೇ; ಅದೇ ಕಷ್ಟ.

"ಅಂವ ಇರುವಿಗೂ ಕೈ ಎತ್ತಾಂವಲ್ಲ, ನನಗ ಗೊತ್ತಿಲ್ಲೇನು ತಂಗಿ? ಆದ್ರ ಕೆಲಸದ ಹೆಣ್ಮಕ್ಕಳು ಆ ವಿಡಿಯೋ ನೋಡ್ಯಾರ. ಕತ್ತರಿ ಕೊಡಾಕ ಆಗಂಗಿಲ್ಲ. ಪೀಸಿಗೆ ನಂಬರ್ ಸ್ಟಿಕರ್ ಹಚ್ಚೋ ಕೆಲಸ ಐತಿ."

ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ. ನಾನು ಏರುದನಿಯಲ್ಲಿ ಶುರುಮಾಡಿದೆ. ಬಸವರಾಜ ನನ್ನ ತೋಳು ಹಿಡಿದ.

"ಬ್ಯಾಡಕ್ಕ. ಕೈ ನಡುಗ್ಲಿ. ಮೊದ್ಲು ತಲಿ ನಂದಾಗಿರ್ಲಿ."

ಈಗ ಅವನು ಮತ್ತೆ ನಮ್ಮ ಮನೆಯಲ್ಲಿದ್ದಾನೆ. ಸ್ಟಿಕರ್ ಹಚ್ಚುತ್ತಾನೆ. ಮೊದಲು ಅವನನ್ನು "ಲೇ ಬಸ್ಯಾ" ಎಂದು ಕಾಡುತ್ತಿದ್ದವರು ಈಗ "ಬರ್ರಿ, ಕುಂದ್ರರಿ" ಎನ್ನುತ್ತಾರಂತೆ. ಆ ಮರ್ಯಾದೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಆದರೂ ಹೋಗುತ್ತಾನೆ. ಮಾತ್ರೆ ನುಂಗುತ್ತಾನೆ. ಇದನ್ನು ಗುಣವಾಯಿತೆಂದು ಹೇಳುವ ಧೈರ್ಯ ನನಗಿಲ್ಲ. ಇಷ್ಟಾದರೂ ಉಳಿಯಿತೆಂಬ ಕೃತಜ್ಞತೆಯನ್ನು ಬಚ್ಚಿಡುವ ಬಿಗುಮಾನವೂ ಇಲ್ಲ. ಹೊಣೆಗಾರರ ಹೆಸರು ಕೇಳುವುದನ್ನು ಮಾತ್ರ ನಾನು ಬಿಟ್ಟಿಲ್ಲ.

ಮೊನ್ನೆ ಯೂನಿಟ್ಟಿನಲ್ಲಿ ಯಾರದೋ ಫೋನಿನಲ್ಲಿ ಅವನು ಆ ವಿಡಿಯೋವನ್ನು ಮೊದಲ ಸಲ ನೋಡಿದನಂತೆ. ಸಂಜೆ ಬಂದು ಊಟಕ್ಕೆ ಕೂತವನೇ ಹೇಳಿದ. ಅವ್ವನ ಕೈ ಹಂಚಿನ ಮೇಲೆಯೇ ನಿಂತಿತು.

"ಅದರಾಗ ನಾ ಎಷ್ಟು ಸೊರಗೀನಿ ಅಲ್ಲೇನಕ್ಕ," ಎಂದ. ಆಮೇಲೆ ತಟ್ಟೆ ಮುಂದೆ ಸರಿಸಿದ. "ಇನ್ನೊಂದು ರೊಟ್ಟಿ ಹಾಕಬೇ."