ಕಳಚಿದ ಚಕ್ರದ ಮೇಲೆ ಕೂತ ಗುರ್ರಣ್ಣ

"ಹಾಡು ನಿಲ್ಲಿಸೋ!"

ಬೆಳಗಿನ ಐದೂವರೆ. ರಸ್ತೆ ತಿರುವಿನ ತಗಡಿನ ಗ್ಯಾರೇಜ್ ಶೆಡ್ಡಿನಲ್ಲಿ ಇನ್ನೂ ಒಂದೇ ಬಲ್ಬು. ನೀರಿನ ಕ್ಯಾನ್ ಹೊತ್ತು ಒಳಬರುತ್ತಿರುವ ಪಿಕಪ್ಪಿನಲ್ಲಿ ರೇಡಿಯೊ ಗಂಟಲು ಹರಿದುಕೊಂಡು ಹಾಡುತ್ತಿದೆ. ಅದಕ್ಕಿಂತ ಜೋರಾಗಿ ಕೂಗುತ್ತಿರುವವರು ಐವತ್ತಾರರ ಗುರ್ರಣ್ಣ. ಮನೆಯವರಿಟ್ಟ ಹೆಸರು ಬೇರೆಯೇ ಇದೆ, ಆ ಹೆಸರು ಹಿಡಿದು ವಿಚಾರಿಸಿದರೆ ಪಕ್ಕದ ಅಂಗಡಿಯವರೂ "ಯಾರದು?" ಅನ್ನುತ್ತಾರೆ. "ಮೂಗಿನ ತುದೀಲಿ ಕೋಪ ಇರೋರನ್ನ ಕಂಡಿದೀನಿ. ಇವರಿಗೆ ಮೂಗೇ ಕೋಪದ್ದು" ಎನ್ನುತ್ತಾರೆ, ಬಿಡಿಭಾಗಗಳ ಕಪಾಟು ನೋಡಿಕೊಳ್ಳುವ ಹೆಂಡತಿ.

ರೇಡಿಯೊ ಬಾಯಿ ಮುಚ್ಚುತ್ತಲೇ ಮುಂದಿನ ಚಕ್ರ ಬಾಯಿ ಬಿಡುತ್ತದೆ: ಕೀಂಽಽಽ! ಗುರ್ರಣ್ಣ ಅದೇ ಶ್ರುತಿಯಲ್ಲಿ ಅನುಕರಿಸುತ್ತಾರೆ. ಕಣ್ಣು ಮುಚ್ಚಿಕೊಂಡರೆ ಯಾವುದು ಗಾಡಿ, ಯಾರು ಅಣ್ಣ ಅಂತ ಹೇಳುವುದು ಕಷ್ಟ.

"ಕೇಳಿಸ್ತಾ? ತಿಂಗಳಿಂದ ಗಾಡಿ ಅಳ್ತಾ ಇದೆ. ನೀನು ಹಾಡು ಜೋರು ಮಾಡ್ಕೊಂಡು ತಿರುಗ್ತಾ ಇದೀಯ!"

"ಓನರ್‌ಗೆ ಮೂರು ಸಲ ಹೇಳ್ದೆ ಭಾವ. ಇನ್ನೂ ಓಡತ್ತೆ ಓಡ್ಸು ಅಂದ್ರು" ಎಂದು ಡ್ರೈವರ್ ತಲೆ ಕೆರೆದುಕೊಳ್ಳುತ್ತಾನೆ. ಅವನು ಗುರ್ರಣ್ಣನ ಹೆಂಡತಿಯ ಒಬ್ಬನೇ ತಮ್ಮ.

ನಟ್ಟು ಸಡಿಲಿಸಿ, ಜ್ಯಾಕ್ ಏರಿಸಿ, ಅಡಿಗೆ ಆಸರೆ ಕೊಟ್ಟು ಎಡಚಕ್ರ ಬಿಚ್ಚಿದ್ದಾಯಿತು. ಬ್ರೇಕಿನ ಇಕ್ಕಳದೊಳಗಿಂದ ಹೊರಬಂದ ಹಳೇ ಬ್ರೇಕ್ ಪ್ಯಾಡನ್ನು ಅವರು ಬೆಳಕಿಗೆ ಹಿಡಿಯುತ್ತಾರೆ. ಹೊಸದರಲ್ಲಿ ಕಿರುಬೆರಳಿನಷ್ಟು ದಪ್ಪವಿರುವ ಸವೆಯುವ ಪದರ ಇಲ್ಲಿ ಉಗುರಿನಷ್ಟೂ ಉಳಿದಿಲ್ಲ. ಒಂದು ಮೂಲೆಯಲ್ಲಿ ಬರೀ ಕಬ್ಬಿಣ. "ಪ್ಯಾಡ್ ಸವೆದವನ ಪಾಡು ಶತ್ರುವಿಗೂ ಬೇಡ" ಎಂದು ಗೊಣಗುವಷ್ಟರಲ್ಲಿ ಗಾಡಿ ಮಾಲೀಕರ ಫೋನು. ಮಾತು ಮುಗಿಸಿದ ಮೇಲೆ ಗುರ್ರಣ್ಣ ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲಿ ರಾಗ ಎಳೆದು ಅಪ್ಪಟ ಮಾಲೀಕರೇ ಆಗಿಬಿಡುತ್ತಾರೆ: "ಎಡಗಡೆ ಮಾತ್ರ ಹಾಕಿ ಬಿಡ್ರೀ, ಬಲಗಡೆ ಮುಂದಿನ ತಿಂಗ್ಳು ನೋಡೋಣ!" ಮರುಕ್ಷಣ ಮತ್ತೆ ತಾವಾಗಿ, "ಎಡಗಾಲಿಗೆ ಈ ತಿಂಗಳು ಚಪ್ಪಲಿ, ಬಲಗಾಲಿಗೆ ಮುಂದಿನ ತಿಂಗಳು. ಥೂ!"

ಡ್ರೈವರ್ ನಗುತ್ತಾನೆ. ಗುರ್ರಣ್ಣ ನಗುವುದಿಲ್ಲ.

ಮೂವತ್ತೊಂದು ವರ್ಷದಿಂದ ಇದೇ ನೆಲದ ಮೇಲೆ ಅಂಗಾತ ಮಲಗಿ ದುಡಿದಿದ್ದಾರೆ. ದಿನಕ್ಕೆ ನಾಲ್ಕು ಗಾಡಿ, ಅಂದರೆ ಅರವತ್ತು ಸಲವಾದರೂ ಕೂತು ಏಳಬೇಕು. ಮಂಡಿ ಆಗಲೇ ಮುಷ್ಕರ ಹೂಡಿದೆ. ಬ್ರೇಕಿನ ಧೂಳು ಎದೆಯಲ್ಲಿ ಮನೆ ಕಟ್ಟಿಕೊಂಡು ಬೆಳಗಾದರೆ ಕೆಮ್ಮಿಸುತ್ತದೆ. ಆದರೆ ಅವರನ್ನು ಸುಡುವುದು ಹದಿನೆಂಟು ವರ್ಷ ಹಿಂದಿನ ಒಂದು ಮಾತು.

"ಅವತ್ತೂ ಒಬ್ರು ಒಂದೇ ಕಡೆ ಹಾಕು ಅಂದ್ರು. ನಾನು 'ಹೂಂ ಸಾರ್' ಅಂದೆ. ಇಳಿಜಾರಲ್ಲಿ ಬ್ರೇಕ್ ಒತ್ತಿದ್ದಕ್ಕೆ ಗಾಡಿ ಒಂದೇ ಕಡೆಗೆ ಎಳೀತು, ಹೋಗಿ ಗೋಡೆಗೆ ಬಡೀತು. ಡ್ರೈವರ್ ಕಾಲು ಹೋಯ್ತು. ಓನರ್ ಹೊಸ ಗಾಡಿ ತಗೊಂಡ್ರು. ನನ್ನ 'ಹೂಂ' ಮಾತ್ರ ಇಲ್ಲೇ ಬಿದ್ದಿದೆ."

ಅಂದಿನಿಂದ ಈ ಶೆಡ್ಡಿನಲ್ಲಿ ಒಂದು ಪದ್ಧತಿ. ಒಂದೇ ಕಡೆ ಸಾಕು ಎಂದು ಯಾರಾದರೂ ಹಟ ಹಿಡಿದರೆ ಗುರ್ರಣ್ಣ ವಾದಕ್ಕಿಳಿಯುವುದಿಲ್ಲ. ಬಿಚ್ಚಿದ ಚಕ್ರವನ್ನು ಮೂಲೆಗೆ ಉರುಳಿಸಿ, ಮಲಗಿಸಿ, ಅದರ ಮೇಲೆ ಕೂತು ಚಹಾ ಕುಡಿಯುತ್ತಾರೆ.

ಇಂದೂ ಕೂತಿದ್ದಾರೆ. ಆರೂವರೆಗೆ ಮಾಲೀಕರೇ ಬಂದಿಳಿಯುತ್ತಾರೆ. ಅವರವೇ ಹನ್ನೊಂದು ಗಾಡಿ ಈ ಶೆಡ್ಡಿಗೆ ಬರುತ್ತವೆ. ಇಲ್ಲಿನ ಅರ್ಧ ಕೆಲಸ ಅವರದ್ದೇ.

"ಏನ್ರೀ ಇದು? ಎಂಟು ಗಂಟೆಗೆ ಲೋಡ್ ಇಳೀಬೇಕು. ಚಕ್ರ ಹಾಕಿ!"

"ಚಕ್ರ ಯಾಕೆ ಸಾರ್? ಎರಡು ಕಡೆಗೆ ಒಂದು ಕಡೆ ಪ್ಯಾಡ್ ಸಾಕು ಅನ್ನೋರಿಗೆ ನಾಲ್ಕಕ್ಕೆ ಮೂರು ಚಕ್ರ ಸಾಕಾಗ್ಬೇಕಲ್ಲ. ಓಡಿಸ್ಕೊಂಡು ಹೋಗಿ."

ಡ್ರೈವರ್ ಹತ್ತಿರ ಬಂದು ಪಿಸುಗುಟ್ಟುತ್ತಾನೆ. "ಬಿಟ್ಬಿಡಿ ಭಾವ. ನನ್ನ ಕೆಲಸ ಹೋಗತ್ತೆ."

"ಕೆಲಸ ಹೋದ್ರೆ ಇನ್ನೊಂದು ಹುಡುಕೋಣ. ನಿಮ್ಮಕ್ಕನಿಗೆ ಇನ್ನೊಬ್ಬ ತಮ್ಮನ್ನ ಎಲ್ಲಿಂದ ತರ್ಲೋ?"

ಕಪಾಟಿನ ಬಳಿ ಹೆಂಡತಿಯ ಕೈ ನಿಲ್ಲುತ್ತದೆ. ಆಮೇಲೆ ಆಕೆ ಹೊಸ ಪ್ಯಾಡಿನ ಡಬ್ಬಿಯನ್ನು ತೆಗೆದು, ಕೇಳದೆಯೇ, ಬಲಚಕ್ರದ ಪಕ್ಕ ಇಡುತ್ತಾರೆ.

ಮಾಲೀಕರು ಗಡಿಯಾರ ನೋಡುತ್ತಾರೆ, ಚಕ್ರ ನೋಡುತ್ತಾರೆ, ಚಕ್ರದ ಮೇಲಿರುವವರನ್ನೂ ನೋಡುತ್ತಾರೆ. "ಹಾಕಿ, ಎರಡೂ ಕಡೆ ಹಾಕಿ. ಆದ್ರೆ ಇದೇ ಕೊನೆ. ಉಳಿದ ಹತ್ತೂ ಗಾಡಿ ನಾಳೆಯಿಂದ ಬೇರೆ ಕಡೆ."

"ಆಗ್ಲಿ" ಎಂದು ಗುರ್ರಣ್ಣ ಏಳುತ್ತಾರೆ.

ಮುಕ್ಕಾಲು ಗಂಟೆಯಲ್ಲಿ ಎರಡೂ ಕಡೆಯ ಪ್ಯಾಡ್ ಕೂರುತ್ತವೆ. ಪೆಡಲ್ ಗಟ್ಟಿಯಾಗುವವರೆಗೆ ತುಳಿದು ತುಳಿದು ನೋಡುತ್ತಾರೆ. ಬಳಿಕ ಮಾಲೀಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ರೇಡಿಯೊ ಆರಿಸಿ, ಇಳಿಜಾರಿಗೆ ಬಿಟ್ಟು ಬ್ರೇಕ್ ಒತ್ತುತ್ತಾರೆ. ಗಾಡಿ ಅತ್ತಿತ್ತ ವಾಲದೆ, ಉಸಿರೆತ್ತದೆ, ನೆಟ್ಟಗೆ ನಿಲ್ಲುತ್ತದೆ.

ಪಿಕಪ್ ಹೊರಟ ಮೇಲೆ ಶೆಡ್ಡು ದೊಡ್ಡದಾಗಿ ಕಾಣುತ್ತದೆ. ಅರ್ಧ ಕೆಲಸ ಕೈತಪ್ಪಿತಲ್ಲ, ಏನು ಮಾಡುತ್ತೀರಿ ಎಂದರೆ ಗುರ್ರಣ್ಣ ಕೈ ಒರೆಸಿಕೊಳ್ಳುತ್ತಾ ಗುರ್ ಎನ್ನುತ್ತಾರೆ.

"ನಂದು ಹೆಂಗೋ ನಡಿಯತ್ತೆ ಬಿಡಿ. ಆ ಹತ್ತು ಗಾಡೀಲೂ ಯಾರದೋ ತಮ್ಮಂದಿರೇ ಕೂತಿರೋದು. ಅವು ಎಲ್ಲಿಗೆ ಹೋಗ್ತಾವೋ, ಅಲ್ಲಿನ ಮೆಕ್ಯಾನಿಕ್‌ಗೂ ನನ್ನಷ್ಟೇ ಕೆಟ್ಟ ಸಿಟ್ಟಿರಲಿ."