ಅತ್ತಿಯ ಮಗಳಿಗೆ ನಾವು ಬರೆಸಿದ ವಯಸ್ಸು

ನನಗೆ ಸಿಟ್ಟು ಬೇಗ ಬರುತ್ತದೆ, ಹಟ ಅದಕ್ಕಿಂತ ಬೇಗ. ಆರು ವರ್ಷದವಳಿದ್ದಾಗ ಮಾಡಿದ ಒಂದು ಹಟಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಗಜೇಂದ್ರಗಡದಲ್ಲಿ ನಮ್ಮದು ಗಾದಿ ತುಂಬುವ ಪಿಂಜಾರರ ಮನೆ. ನಮಾಜು ಅರಬ್ಬಿಯಲ್ಲಿ, ಜಗಳವೂ ಅಳುವೂ ಕನ್ನಡದಲ್ಲಿ. ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತಿಯನ್ನು, ಕರಾಚಿಯಲ್ಲಿದ್ದ ದೂರದ ಸಂಬಂಧಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕಲ್ಲ, ಪಾಕಿಸ್ತಾನದ ಪಾಸ್‌ಪೋರ್ಟ್ ಹಿಡಿದು, ತುಂಬು ಬಸುರಿ ಇಲ್ಲಿಗೆ ಬಂದಳು. ನಮ್ಮ ನಡುಮನೆಯಲ್ಲೇ, ಓಣಿಯ ಸೂಲಗಿತ್ತಿಯ ಕೈಯಲ್ಲಿ ಮಗಳು ಹುಟ್ಟಿದಳು. ಕೂಸಿಗೆ ನಲವತ್ತು ದಿನ ತುಂಬುವುದರೊಳಗೆ ಅತ್ತಿಯ ಗಂಡ ತೀರಿಕೊಂಡ ಸುದ್ದಿ ಬಂತು. ವಾಪಸು ಹೋಗುವುದಾದರೂ ಯಾರಿಗಾಗಿ? ಅತ್ತಿ ಇಲ್ಲೇ ಉಳಿದಳು.

ಉಳಿಯುವುದೆಂದರೆ ಸುಮ್ಮನೆ ಅಲ್ಲ. ತಂದೆತಾಯಿ ಇಬ್ಬರೂ ಪಾಕಿಸ್ತಾನದವರಾದ್ದರಿಂದ ಇಲ್ಲೇ ಹುಟ್ಟಿದ ಮಗಳೂ ಸೇರಿ ಇಬ್ಬರೂ ಕಾಗದದಲ್ಲಿ ವಿದೇಶಿಯರು. ವರ್ಷ ವರ್ಷ ವೀಸಾ ಮುಂದುವರಿಸಬೇಕು, ಅದಕ್ಕೆ ಭಾರತೀಯರೊಬ್ಬರು ಜಾಮೀನು ಪತ್ರಕ್ಕೆ ಸಹಿ ಹಾಕಬೇಕು. ಅದನ್ನು ಅಪ್ಪ ಹಾಕುತ್ತಿದ್ದ. ಊರು ಬಿಡಲೂ ಅಪ್ಪಣೆ ಬೇಕು. ನಮ್ಮಕ್ಕನನ್ನು ನರಗುಂದಕ್ಕೆ ಕೊಟ್ಟು ಮದುವೆ ಅಲ್ಲೇ ಇಟ್ಟುಕೊಂಡಾಗ ಅತ್ತಿಗೆ ಆ ಅಪ್ಪಣೆ ಬಂದದ್ದು ಮದುವೆ ಮುಗಿದ ನಾಲ್ಕನೇ ದಿನ.

"ಇರ್ಲಿ ಬಿಡ, ನಿಮ್ಮಕ್ಕ ಇನ್ನೊಂದ ಮದವಿ ಆದ್ರ ಹೋಗ್ತೀನಿ" ಎಂದು ಅತ್ತಿ ನಕ್ಕಳು. ನಮ್ಮವ್ವ ಹಣೆ ಹಣೆ ಬಡಿದುಕೊಂಡಳು.

ಅತ್ತಿಯ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು. ನನ್ನನ್ನು ಸಾಲಿಗೆ ಹಚ್ಚಲು ಹೊರಟ ದಿನ ನಾನು ಹೊಸ್ತಿಲ ಮೇಲೆ ಬಿದ್ದು ಹೊರಳಾಡಿದೆ. "ಅಕಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ!" ಅಪ್ಪನಿಗೆ ಸಾಕಾಗಿ ಇಬ್ಬರನ್ನೂ ಕರೆದುಕೊಂಡು ಹೋದ. ತಲೆಯ ಮೇಲಿಂದ ಬಲಗೈ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ನನ್ನ ಕೈ ಮುಟ್ಟಿತು, ಅವಳದು ಮುಟ್ಟಲಿಲ್ಲ. ನಾನು ಹಿಂದಿನಿಂದ ಅವಳ ತಲೆಯನ್ನು ಒತ್ತಿ ವಾಲಿಸಿದೆ. ಬೆರಳ ತುದಿ ಕಿವಿಗೆ ತಾಗಿತು.

"ಖರೇನ ಆರ ತುಂಬ್ಯಾವೇನಪಾ?" ಎಂದು ಮಾಸ್ತರರು ಅಪ್ಪನನ್ನು ಕೇಳಿದರು.

"ತುಂಬ್ಯಾವ್ರೀ ಸರ."

ಮಾಸ್ತರರಿಗೇನು ಗೊತ್ತಾಗಲಿಲ್ಲವೇ? ನಕ್ಕು, ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಬರೆಯುವಂತೆ ನಮಗಿಬ್ಬರಿಗೂ ಅದೇ ಜೂನ್ ಒಂದು, ಅದೇ ಇಸವಿ ಬರೆದರು. ಮುಂದೆ ಹನ್ನೆರಡು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯ ರೊಟ್ಟಿ ತಿಂದೆವು.

ನಾವು ಏಳನೇ ಇಯತ್ತೆಯಲ್ಲಿದ್ದಾಗ ಅತ್ತಿ ಪೌರತ್ವಕ್ಕೆ ಅರ್ಜಿ ಹಾಕಿದಳು. ಮಗಳದನ್ನೂ ಜೋಡಿಸಿಬಿಡಿ ಎಂದು ಅಪ್ಪ ಕೇಳಿದಾಗ, ರೋಣದಲ್ಲಿ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆದುಕೊಡುವ ಹಿರಿಯರು ಬಿಡಿಸಿ ಹೇಳಿದರು: "ಮೊದಲ ತಾಯೀದು ಆಗ್ಲಿ. ಆಕಿ ಭಾರತೀಯಳಾದ ಮ್ಯಾಲೆ, ಮಗಳು ಹದಿನೆಂಟರ ಒಳಗಿದ್ರ ತಾಯಿ ಹೆಸರಿನ ಮ್ಯಾಲ ಸಲೀಸ ಆಗ್ತೈತಿ. ಹದಿನೆಂಟ ದಾಟಿತಂದ್ರ ಅಕಿ ಬ್ಯಾರೆ, ನೀವು ಬ್ಯಾರೆ."

ಇನ್ನೂ ಐದು ವರ್ಷವಿದೆಯಲ್ಲ ಎಂದು ನಿಶ್ಚಿಂತೆಯಿಂದ ಬಂದೆವು. ಕಾಗದ ಎಲ್ಲೆಲ್ಲಿ ತಿರುಗಿತೋ ದೇವರೇ ಬಲ್ಲ. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾದ ಮೇಲೆ, ಒಂದು ಆಗಸ್ಟಿನಲ್ಲಿ ಆದೇಶ ಬಂತು. ಅತ್ತಿ ಪ್ರಮಾಣ ವಚನ ಓದಿ, ಓಣಿಗೆಲ್ಲ ಪೇಢೆ ಹಂಚಿದಳು. ಮರುದಿನವೇ ಮಗಳ ಅರ್ಜಿ ಹಿಡಿದು ಅಪ್ಪ, ಅತ್ತಿ, ನಾವಿಬ್ಬರು ಜಿಲ್ಲಾ ಕಚೇರಿಗೆ ಬಸ್ಸು ಹತ್ತಿದೆವು.

ಅಧಿಕಾರಿ ಸಾಲಿಯ ದಾಖಲೆ ತೆಗೆದು ನೋಡಿದರು. "ಜೂನಕ್ಕ ಹದಿನೆಂಟ ತುಂಬಿ ಹೋತಲ್ರಿ."

ಅಪ್ಪ ಎದ್ದು ನಿಂತ. "ಸಾಹೇಬ್ರ, ಅಕಿಗೆ ಖರೇ ಹದಿನೇಳರೀ. ಸಾಲಿಗೆ ಹಚ್ಚೂ ಮುಂದ ನಾ ಸುಳ್ಳ ಹೇಳೀನ್ರಿ."

"ಹುಟ್ಟಿದ ದಾಖಲಿ ಐತೇನ್ರಿ?"

ಎಲ್ಲಿಯ ದಾಖಲೆ? ಸೂಲಗಿತ್ತಿ ಸತ್ತು ವರ್ಷಗಳಾಗಿದ್ದವು. ನಾನು ತಡೆಯಲಾರದೆ, ನಾನೇ ಅವಳ ತಲೆ ಒತ್ತಿದ್ದು ಎಂದು ಆ ಕಿವಿಯ ಕಥೆಯನ್ನು ಹೇಳಿದೆ. ಅವರು ನಗಲಿಲ್ಲ. ನಮ್ಮನ್ನು ಕೂಡಿಸಿ, ನೀರು ಕೊಡಿಸಿ, ಕೋರ್ಟಿಗೆ ಹೋಗಿ ತಾರೀಖು ತಿದ್ದಿಸಬಹುದು, ಆದರೆ ಅದು ಮುಗಿಯುವುದರೊಳಗೆ ಹುಡುಗಿಗೆ ನಿಜವಾಗಿಯೂ ಹದಿನೆಂಟು ದಾಟಿರುತ್ತದೆ ಎಂದರು. ಅವಳು ತಾನೇ ಬೇರೆ ಅರ್ಜಿ ಹಾಕಬೇಕಾದರೆ ಪಾಕಿಸ್ತಾನದ ಪಾಸ್‌ಪೋರ್ಟ್ ಒಪ್ಪಿಸಬೇಕು. ಇಷ್ಟು ವರ್ಷ ಅವಳ ವೀಸಾ ನಡೆದದ್ದು ತಾಯಿಯ ಪಾಸ್‌ಪೋರ್ಟಿನ ಮೇಲೆ, ಅವಳದೇ ಎಂದು ಯಾವ ದೇಶದ್ದೂ ಇರಲಿಲ್ಲ. ಒಳ್ಳೆಯ ಮನುಷ್ಯ, ಬೈದು ಕಳಿಸಿದ್ದರೆ ನನಗೆ ಜಗಳಾಡಲಾದರೂ ಬರುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಲಿ? ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು, ಯಾವಾಗಿನಂತೆ. "ನೀ ಅಳಬ್ಯಾಡ, ಮಂದಿ ನೋಡಾಕತ್ತಾರ" ಎಂದು ನನಗೇ ಸಮಾಧಾನ ಹೇಳಿದಳು.

ವರ್ಷದ ಕೊನೆಗೆ ಅವಳ ವೀಸಾದ ಸರದಿ ಬಂತು. ಅಪ್ಪ ಎಂದಿನಂತೆ ಜಾಮೀನು ಪತ್ರಕ್ಕೆ ಪೆನ್ನು ತೆಗೆದ. ಗುಮಾಸ್ತರು ತಡೆದರು.

"ಈ ಸಲ ನೀವ್ಯಾಕ್ರಿ? ತಾಯೀನ ಭಾರತೀಯರಾಗ್ಯಾರಲ್ಲ, ಅವರ ಹಾಕ್ಲಿ."

ಅತ್ತಿ ಪೆನ್ನು ಹಿಡಿದಳು. ಈ ವಿದೇಶಿಯರ ನಡತೆಗೆ ನಾನು ಹೊಣೆ ಎಂದಿದ್ದ ಕಡೆ ತನ್ನ ಹೆಸರು ಬರೆದಳು. ಸಂಬಂಧ ಎಂದಿದ್ದ ಕಡೆ ತಾಯಿ ಎಂದು ಬರೆದಳು. ಇವರನ್ನು ಎಷ್ಟು ವರ್ಷಗಳಿಂದ ಬಲ್ಲಿರಿ ಎಂದಿದ್ದ ಕಡೆ ನಿಂತಳು.

"ಹದಿನೇಳ" ಎಂದಳು.

"ಹಂಗ ಬರದ್ರ ತಾಳೆ ಆಗೂದಿಲ್ರಿ ಅವ್ವಾರ, ವಾಪಸ್ ಬರ್ತೈತಿ. ದಾಖಲಿ ಪ್ರಕಾರ ಅಕಿಗೇ ಹದಿನೆಂಟ ಆಗ್ಯಾವಲ್ರಿ."

ಅತ್ತಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡುತ್ತಿದ್ದ.

"ಬರಿಯವ್ವಾ, ಹೊತ್ತಾತು" ಎಂದಳು ಮಗಳು.

ಅತ್ತಿ ಹದಿನೆಂಟು ಎಂದು ಬರೆದಳು. ಮಗಳು ಹುಟ್ಟುವುದಕ್ಕಿಂತ ಒಂದು ವರ್ಷ ಮೊದಲಿನಿಂದಲೇ ಈ ವಿದೇಶಿಯಳನ್ನು ನಾನು ಬಲ್ಲೆ ಎಂದು ಸಹಿ ಹಾಕಿದಳು. ಭಾರತೀಯಳಾದ ಮೇಲೆ ನನ್ನ ಅತ್ತಿ ಸರಕಾರದ ಕಾಗದಕ್ಕೆ ಹಾಕಿದ ಮೊದಲ ಜಾಮೀನು ಅದು.